ಬಿಡುವು ಕಳೆದ ಮೇಲೆ

ರಜಾ ಬರುವುದನ್ನು ಕುರಿತು ಮಾತನಾಡುವವರು ಬಹು ಮಂದಿ. ರಜಾ ಕಳೆದು ಮರಳಿ ಕೆಲಸಕ್ಕೆ ಕೂಡುವುದನ್ನು ಕುರಿತು ಮಾತನಾಡುವವರು ವಿರಳ. ಶಾಲೆಯ ಬಾಗಿಲು ತೆರೆದ ಮೊದಲ ದಿನ ಬಾಲಕನಿಗೆ ಹೊಟ್ಟೆನೋವು ಬರುವುದೂ, ಹಬ್ಬದ ಮರುದಿನ ಗುಮಾಸ್ತನಿಗೆ ಕಡತದ ಅಕ್ಷರಗಳು ಕಣ್ಣಿಗೆ ನಿಲ್ಲದಿರುವುದೂ ನಾವೆಲ್ಲರೂ ಬಲ್ಲ ಸಂಗತಿಗಳೇ. ಇದನ್ನು ಸೋಮಾರಿತನವೆಂದು ಜರೆದು ಸುಮ್ಮನಾಗುವುದು ಸುಲಭ. ನಮ್ಮ ಹಿರಿಯರಾದರೋ ಹಾಗೆ ಜರೆದು ಸುಮ್ಮನಾದವರಲ್ಲ. ಬಿಡುವಿನಿಂದ ದುಡಿಮೆಗೆ ಮರಳುವುದು ಕಷ್ಟವೆಂಬುದನ್ನು ಅವರು ಒಪ್ಪಿಕೊಂಡು, ಆ ಎರಡರ ನಡುವೆ ಒಂದು ಹೊಸ್ತಿಲನ್ನು ಕಟ್ಟಿ, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜಿಸಿದರು. ಆ ಹೊಸ್ತಿಲಿನ ಚರಿತ್ರೆಯನ್ನು ಇಂದು ಸ್ವಲ್ಪ ವಿಚಾರಿಸೋಣ. ಇದಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ಮಂಡ್ಯದ ಸೀಮೆ, ಅದರಲ್ಲಿಯೂ ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಂಥ ನಾಲೆಯ ಬಯಲು, ನಮ್ಮ ಕಣ್ಣೆದುರಿಗಿದ್ದರೆ ಸಾಕು.

ಮೊದಲು ಮಾತುಗಳನ್ನೇ ನೋಡೋಣ. ನಾವು ದಿನಬಳಕೆಯಲ್ಲಿ ಆಡುವ ‘ರಜಾ’ ಎಂಬ ಶಬ್ದ ಅರಬ್ಬಿಯಿಂದ ಪಾರಸಿಯ ಮೂಲಕ ನಮಗೆ ಬಂದದ್ದು. ಅದರ ಮೂಲಾರ್ಥ ಸಮ್ಮತಿ, ಅಪ್ಪಣೆ ಎಂದು. ಮೇಲಿನವನೊಬ್ಬನು ಒಪ್ಪಿ ಕೊಟ್ಟರೆ ಅದು ರಜಾ. ಕೊಡುವವನೂ ಬೇಡುವವನೂ ಇಲ್ಲದ ಕಡೆ ಆ ಶಬ್ದಕ್ಕೆ ಕೆಲಸವಿಲ್ಲ. ರೈತನ ಮಾತು ಬೇರೆ. ಅವನದು ‘ಬಿಡುವು’. ಬಿಡು ಎಂಬ ಧಾತುವಿನಿಂದ ಬಂದ ಈ ಮಾತಿನಲ್ಲಿ ನೊಗದಿಂದ ಎತ್ತಿನ ಕೊರಳನ್ನು ಬಿಚ್ಚಿದ ಚಿತ್ರ ನಮಗೆ ಕಾಣುತ್ತದೆ. ಆರು ಕಟ್ಟುವ ಹೊತ್ತು, ಆರು ಬಿಡುವ ಹೊತ್ತು ಎಂದು ಹಳ್ಳಿಗರು ಗಡಿಯಾರದ ಹಂಗಿಲ್ಲದೆ ಕಾಲವನ್ನು ಅಳೆದರು. ಓದುವವರ ಮಾತು ಮೂರನೆಯದು: ‘ಅನಧ್ಯಯನ’. ಪಾಡ್ಯ, ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ವೇದಪಾಠ ಕೂಡದೆಂಬ ನಿಯಮ ಅದು. ಹೀಗೆ ಗುಮಾಸ್ತನಿಗೆ ಅಪ್ಪಣೆಯಿಂದ, ರೈತನಿಗೆ ಎತ್ತಿನಿಂದ, ವಿದ್ಯಾರ್ಥಿಗೆ ತಿಥಿಯಿಂದ ಬಿಡುವು ದೊರೆಯುತ್ತಿತ್ತು. ಎತ್ತಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಸೋಮವಾರ ಬಸವನ ದಿನವೆಂದು ಆ ದಿವಸ ಎತ್ತಿನ ಕೊರಳಿಗೆ ನೊಗ ಹೂಡದಿರುವ ವಾಡಿಕೆ ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಉಂಟು. ವಾರಕ್ಕೊಂದು ಬಿಡುವೆಂಬುದನ್ನು ನಮ್ಮ ರೈತನು ತನಗಿಂತ ಮೊದಲು ತನ್ನ ಎತ್ತಿಗೆ ಕೊಟ್ಟನು.

ಬಿಡುವಿನ ಬಳಿಕ ಮರಳಿ ತೊಡಗುವುದಕ್ಕೆ ನಮ್ಮ ದೇಶದಲ್ಲಿ ದೊರೆಯುವ ಬಹು ಹಳೆಯ ವಿಧಿಯೊಂದು ಉಪಾಕರ್ಮ. ಇಂದು ಅದು ಜನಿವಾರ ಬದಲಾಯಿಸುವ ಹಬ್ಬವೆಂದೇ ಬಹು ಮಂದಿಗೆ ಗೊತ್ತು. ಆದರೆ ಆ ಶಬ್ದಕ್ಕೆ ಪ್ರಾರಂಭವೆಂದು ಅರ್ಥ. ಧರ್ಮಸೂತ್ರಗಳ ಕಾಲದಲ್ಲಿ ಶ್ರಾವಣದ ಸುಮಾರಿಗೆ ವೇದಪಾಠ ಮೊದಲಾಗಿ, ನಾಲ್ಕೂವರೆ ಐದು ತಿಂಗಳು ನಡೆದು, ಪುಷ್ಯ ಮಾಘಗಳ ವೇಳೆಗೆ ‘ಉತ್ಸರ್ಜನ’ವೆಂಬ ವಿಧಿಯಿಂದ ಮುಗಿಯುತ್ತಿತ್ತು. ಮುಂದಿನ ಶ್ರಾವಣದಲ್ಲಿ ಮತ್ತೆ ಉಪಾಕರ್ಮ. ಎಂದರೆ ಪಾಠಶಾಲೆ ಮುಚ್ಚುವುದಕ್ಕೊಂದು, ತೆರೆಯುವುದಕ್ಕೊಂದು ವಿಧಿಯಿತ್ತು. ಪುನಃ ತೆರೆದ ದಿನ ಗುರುಶಿಷ್ಯರು ಕೂಡಿ ಹೋಮ ಮಾಡಿ, ವೇದದ ಮೊದಲ ಭಾಗಗಳನ್ನು ಮಾತ್ರ ಹೇಳಿ, ಮತ್ತೆ ಒಂದೆರಡು ದಿನ ಅನಧ್ಯಯನವನ್ನು ಆಚರಿಸುತ್ತಿದ್ದರು. ಹಸಿದ ಹೊಟ್ಟೆಗೆ ಒಮ್ಮೆಲೇ ಊಟ ಬಡಿಸಬಾರದೆಂಬುದನ್ನು ಬಲ್ಲವರ ಏರ್ಪಾಡು ಇದು.

ಇದೇ ಯುಕ್ತಿಯನ್ನು ನಮ್ಮ ಮಹಾನವಮಿಯಲ್ಲಿಯೂ ಕಾಣಬಹುದು. ಮಳೆಗಾಲದಲ್ಲಿ ದಂಡು ನಡೆಯುವಂತಿರಲಿಲ್ಲ. ಹೊಳೆಗಳು ತುಂಬಿ, ದಾರಿಗಳು ಕೆಸರಾಗಿ, ಆನೆ ಕುದುರೆಗಳು ಲಾಯದಲ್ಲಿ ನಿಲ್ಲುತ್ತಿದ್ದವು. ಆಶ್ವಯುಜದಲ್ಲಿ ಆಕಾಶ ತಿಳಿಯಾಗುವ ಹೊತ್ತಿಗೆ ಆಯುಧಗಳನ್ನು ಹೊರತೆಗೆದು, ತೊಳೆದು ಪೂಜಿಸಿ, ಹತ್ತನೆಯ ದಿನ ಊರ ಎಲ್ಲೆಯನ್ನು ದಾಟಿ ಬರುವುದು ಸೀಮೋಲ್ಲಂಘನ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಬನ್ನಿಯ ಮರದ ಮೇಲೆ ಬಚ್ಚಿಟ್ಟ ಆಯುಧಗಳನ್ನು ವರ್ಷ ತುಂಬಿದ ಮೇಲೆ ಇಳಿಸಿಕೊಂಡರೆಂಬ ಕಥೆಯನ್ನು ಜನ ಈ ದಿನಕ್ಕೆ ಸೇರಿಸಿದುದು ಅರ್ಥವಿಲ್ಲದೆ ಅಲ್ಲ. ಅದು ಬಹುಕಾಲ ಕೈಬಿಟ್ಟಿದ್ದ ಕೆಲಸವನ್ನು ಮರಳಿ ಕೈಗೆತ್ತಿಕೊಂಡವರ ಕಥೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಯ ರಾಯಭಾರಿ ಅಬ್ದುರ್ ರಜಾಕನೂ, ಸುಮಾರು 1520ರಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯೆಸನೂ ಮಹಾನವಮಿಯ ವೈಭವವನ್ನು ಬೆರಗಿನಿಂದ ವರ್ಣಿಸಿದ್ದಾರೆ. ಪಾಯೆಸನು ಉತ್ಸವ ಮುಗಿದ ಮೇಲೆ ಅರಸನು ತನ್ನ ಸೈನ್ಯವನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದುದನ್ನೂ ಹೇಳುತ್ತಾನೆ. ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದುದು ಈ ಕೊನೆಯ ಸಂಗತಿಯೇ. ಒಂಬತ್ತು ದಿನ ನಾಟ್ಯ, ಕುಸ್ತಿ, ಬಾಣಬಿರುಸು. ಅದು ಮುಗಿದೊಡನೆ ಎಣಿಕೆ, ಲೆಕ್ಕ, ಸಜ್ಜು.

ವಿಜಯನಗರದ ಈ ಹಬ್ಬ ಮಂಡ್ಯದ ಸೀಮೆಗೆ ಬಂದುದು 1610ರಲ್ಲಿ. ಆ ವರ್ಷ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡು, ಅಲ್ಲಿಯೇ ನವರಾತ್ರಿಯನ್ನು ನಡೆಸಿದರು. 1799ರ ಬಳಿಕ ರಾಜಧಾನಿಯೊಡನೆ ಉತ್ಸವವೂ ಮೈಸೂರಿಗೆ ಹೋಯಿತು. ಅರಮನೆಯ ಮೆರವಣಿಗೆಯನ್ನು ನೋಡಿದವರು ಬಹಳ. ಆದರೆ ಆ ಹಬ್ಬದ ತಿರುಳು ಮನೆಮನೆಯಲ್ಲಿ ಉಳಿಯಿತು. ಮಹಾನವಮಿಯ ದಿನ ಬಡಗಿಯ ಉಳಿ, ಕಮ್ಮಾರನ ಸುತ್ತಿಗೆ, ಕ್ಷೌರಿಕನ ಕತ್ತಿ, ರೈತನ ಕುಡುಗೋಲು, ಈಚೆಗೆ ಮೋಟಾರು, ಅಚ್ಚಿನ ಯಂತ್ರಗಳು ಸಹ ಹೂವನ್ನು ಮುಡಿದು ಸುಮ್ಮನಿರುವುವು. ಸರಸ್ವತಿಯ ಪೂಜೆಗೆಂದು ಪೀಠದ ಮೇಲೆ ಏರಿಸಿದ ಪುಸ್ತಕಗಳನ್ನು ಆ ದಿನಗಳಲ್ಲಿ ಮುಟ್ಟುವಂತಿಲ್ಲ; ಮಕ್ಕಳಿಗೆ ಇದಕ್ಕಿಂತ ಮೆಚ್ಚಿನ ನಿಯಮ ಇನ್ನೊಂದಿಲ್ಲ. ಆದರೆ ವಿಸರ್ಜನೆಯ ದಿನ ಪುಸ್ತಕವನ್ನು ಇಳಿಸಿ, ಬಿಡಿಸಿ, ನಾಲ್ಕು ಸಾಲನ್ನಾದರೂ ಓದಲೇಬೇಕು. ಬಡಗಿಯು ಉಳಿಯನ್ನು ಒಮ್ಮೆ ಮರಕ್ಕೆ ತಾಕಿಸಬೇಕು. ಅಂದಿನ ಕೆಲಸ ಅಷ್ಟೇ. ನಿಜವಾದ ದುಡಿಮೆ ಮರುದಿನದ್ದು.

ಇನ್ನು ಹೊಲಕ್ಕೆ ಬರೋಣ. ನಾಲೆ ಬರುವುದಕ್ಕೆ ಮುಂಚೆ ಈ ಸೀಮೆಯ ಹೆಚ್ಚು ಭಾಗ ಮಳೆಯನ್ನೇ ನಂಬಿದ್ದ ರಾಗಿಯ ಹೊಲ. ಕೆರೆಗಳ ಕೆಳಗೆ ಮಾತ್ರ ಗದ್ದೆ. ಮುಂಗಾರಿನಲ್ಲಿ ಬಿತ್ತಿದ ರಾಗಿಯನ್ನು ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ದು, ಮೆದೆ ಹಾಕಿ, ಕಣ ಮಾಡಿ ತುಳಿಸಿ ತೂರುವ ಹೊತ್ತಿಗೆ ಸಂಕ್ರಾಂತಿ. ಅಂದು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸಿದರೆ ವರುಷದ ದೊಡ್ಡ ಕೆಲಸ ತೀರಿತು. ಅಲ್ಲಿಂದ ಯುಗಾದಿಯವರೆಗೆ ರೈತನಿಗೆ ಬಿಡುವು. ಮುಡುಕುತೊರೆಯ ದನಗಳ ಜಾತ್ರೆ, ಮೇಲುಕೋಟೆಯ ವೈರಮುಡಿ, ಊರೂರಿನ ಹಬ್ಬ, ಮದುವೆ, ನಾಟಕ ಎಲ್ಲವೂ ಈ ಕಾಲದಲ್ಲಿಯೇ. ಬಿಡುವೆಂದರೆ ಕೈಕಟ್ಟಿ ಕೂರುವುದೆಂದು ತಿಳಿಯಬೇಕಾಗಿಲ್ಲ. ಮನೆಯ ಸೂರು ಹೊದಿಸುವುದು, ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು, ಹಗ್ಗ ಹೊಸೆಯುವುದು ಇದ್ದೇ ಇರುತ್ತಿದ್ದವು. ಆದರೆ ನೇಗಿಲು ಮಾತ್ರ ಅಟ್ಟದ ಮೇಲೆ.

ಆ ನೇಗಿಲನ್ನು ಮತ್ತೆ ಇಳಿಸುವ ದಿನ ಹೊನ್ನಾರಿನ ದಿನ. ಹೊನ್ನಿನ ಆರು, ಎಂದರೆ ಚಿನ್ನದ ನೇಗಿಲು. ಮಂಡ್ಯ ಮೈಸೂರುಗಳ ಕಡೆ ಯುಗಾದಿಯಂದು ಪಂಚಾಂಗವನ್ನು ನೋಡಿಸಿ, ಆ ವರ್ಷ ಯಾರ ಹೆಸರಿಗೆ ಹೊನ್ನಾರು ಕೂಡಿಬರುವುದೋ ಅವನ ಆರನ್ನು ಮುಂದೆ ಮಾಡಿಕೊಂಡು, ಊರ ಎತ್ತುಗಳೆಲ್ಲ ಸಿಂಗಾರಗೊಂಡು ಹೊಲಕ್ಕೆ ಹೋಗುವುವು. ಒಂದು ಹಿಡಿ ಗೊಬ್ಬರ ಚೆಲ್ಲಿ, ನಾಲ್ಕಾರು ಸಾಲು ಉತ್ತು, ನೇಗಿಲನ್ನು ಹಿಂದಕ್ಕೆ ತರುವರು. ಈಗ ಕೆಲವು ಊರುಗಳಲ್ಲಿ ಟ್ರ್ಯಾಕ್ಟರುಗಳೂ ಹೂವಿನ ಹಾರ ಹಾಕಿಕೊಂಡು ಈ ಸಾಲಿನಲ್ಲಿ ನಿಲ್ಲುವುದುಂಟು. ಗಮನಿಸಬೇಕಾದ ವಿಷಯ ಎರಡು. ಒಂದು, ಹೊನ್ನಾರಿನ ದಿನ ಯಾರೂ ತಮ್ಮ ಹೊಲವನ್ನು ಪೂರ್ತಿ ಉಳುವುದಿಲ್ಲ; ನಾಲ್ಕು ಸಾಲಿಗೆ ತೃಪ್ತರಾಗುವರು. ಎರಡು, ಯಾರೂ ಒಬ್ಬನೇ ಹೋಗುವುದಿಲ್ಲ. ಮರಳಿ ತೊಡಗುವ ಭಾರವನ್ನು ಊರು ಒಟ್ಟಾಗಿ ಹೊತ್ತುಕೊಳ್ಳುತ್ತದೆ. ಉಪಾಕರ್ಮದಲ್ಲಿಯೂ ವಿಜಯದಶಮಿಯಲ್ಲಿಯೂ ಕಂಡದ್ದು ಇದೇ ಅಲ್ಲವೆ?

ಆದರೆ ಎಲ್ಲ ಬಿಡುವೂ ಹಬ್ಬದ ಬಿಡುವಲ್ಲ. ನೇಗಿಲು ಅಟ್ಟದ ಮೇಲೆಯೇ ಉಳಿದುಹೋದ ವರ್ಷಗಳೂ ನಮ್ಮ ಚರಿತ್ರೆಯಲ್ಲಿವೆ. 1876ರಲ್ಲಿ ಮಳೆ ತಪ್ಪಿ ಮೊದಲಾದ ಮಹಾಕ್ಷಾಮ 1878ರವರೆಗೂ ಮೈಸೂರು ಸಂಸ್ಥಾನವನ್ನು ಹಿಂಡಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಉಳಿದವರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಗಂಜಿಯ ಕೇಂದ್ರಗಳನ್ನೂ ಪರಿಹಾರದ ಕಾಮಗಾರಿಗಳನ್ನೂ ಸೇರಿದರು. ಮದ್ದೂರು, ಮಂಡ್ಯಗಳನ್ನು ಹಾಯ್ದು 1882ರ ವೇಳೆಗೆ ಮೈಸೂರನ್ನು ಮುಟ್ಟಿದ ರೈಲುದಾರಿಯ ಏರಿಯಲ್ಲಿ ಕ್ಷಾಮದ ಕೂಲಿಗಳು ಹೊತ್ತ ಮಣ್ಣು ಇದೆ. ಇಂಥ ಬಿಡುವಿನಿಂದ ಹೊಲಕ್ಕೆ ಮರಳಬೇಕಾದರೆ ಎತ್ತು ಸತ್ತಿರುತ್ತದೆ, ಬೀಜವನ್ನು ತಿಂದಾಗಿರುತ್ತದೆ, ಜೊತೆಯಲ್ಲಿ ಆರು ಕಟ್ಟುತ್ತಿದ್ದ ನೆರೆಯವನೇ ಇಲ್ಲವಾಗಿರುತ್ತಾನೆ. 1891ರಲ್ಲಿ ಮತ್ತೆ ಎಣಿಸಿದಾಗ ಕೂಡ ಸಂಸ್ಥಾನದ ಜನಸಂಖ್ಯೆ 1871ರ ಮಟ್ಟವನ್ನು ಮುಟ್ಟಿರಲಿಲ್ಲ. ಎರಡು ವರ್ಷದ ಬಲವಂತದ ಬಿಡುವನ್ನು ತುಂಬಿಕೊಳ್ಳಲು ಹದಿಮೂರು ವರ್ಷವೂ ಸಾಲಲಿಲ್ಲವೆಂದಾಯಿತು.

ಆ ನೆನಪು ಮಾಸದಿದ್ದ ಕಾಲದಲ್ಲಿ, 1911ರಲ್ಲಿ, ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟಿನ ಕೆಲಸ ಮೊದಲಾಯಿತು. ಆಗ ಚೀಫ್ ಇಂಜಿನಿಯರಾಗಿದ್ದು, 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಹಿಂದೆ ನಿಂತವರು. ಮದರಾಸಿನೊಡನೆ ನೀರಿನ ವ್ಯಾಜ್ಯ ಬೆಳೆದು, 1924ರಲ್ಲಿ ಒಪ್ಪಂದವಾಗಿ, 1932ರ ವೇಳೆಗೆ ಕೃಷ್ಣರಾಜಸಾಗರ ಮುಗಿಯಿತು. ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಹುಲಿಕೆರೆಯ ಗುಡ್ಡವನ್ನು ಸುರಂಗದಿಂದ ಕೊರೆದು ಮಂಡ್ಯದ ಬಯಲಿಗೆ ನಾಲೆ ಹರಿಯಿತು. ಮೊದಲು ಅದಕ್ಕೆ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆಯೆಂದು ಹೆಸರಿತ್ತು. ಬಳಿಕ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. 1933ರಲ್ಲಿ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರ ಯತ್ನವೂ ಸೇರಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಬೇರೆಯಾಯಿತು.

ನೀರಿನೊಡನೆ ಕಾಲದ ಲೆಕ್ಕವೂ ಬದಲಾಯಿತು. ಕೊತ್ತತ್ತಿಯ ಸೀಮೆಯ ರೈತನು ಇನ್ನು ಮುಂದೆ ರಾಗಿಯ ಒಂದು ಬೆಳೆಯನ್ನು ತೆಗೆದು ನೇಗಿಲನ್ನು ಅಟ್ಟಕ್ಕೇರಿಸುವಂತಿರಲಿಲ್ಲ. ಬತ್ತ ಮುಗಿದರೆ ಬೇಸಗೆಯ ಬೆಳೆ ಕಾದಿತ್ತು. ಕಬ್ಬು ಒಂದು ವರುಷ ನೆಲವನ್ನು ಬಿಡುತ್ತಿರಲಿಲ್ಲ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಹಳೆಯ ಬಿಡುವು ಕಿರಿದಾಯಿತು. ವಿಶ್ವೇಶ್ವರಯ್ಯನವರು ಇದನ್ನು ಮುಂಗಂಡವರಂತೆ, ಮುಂಬಯಿ ಪ್ರಾಂತದಲ್ಲಿ ಮೊದಲು ನಡೆಸಿ ನೋಡಿದ್ದ ಬ್ಲಾಕ್ ಪದ್ಧತಿಯನ್ನು ಇಲ್ಲಿಯೂ ಬಯಸಿದರು. ಜಮೀನನ್ನು ಪಾಲುಮಾಡಿ, ಒಂದು ಪಾಲಿನಲ್ಲಿ ಕಬ್ಬು, ಒಂದರಲ್ಲಿ ಬತ್ತ, ಇನ್ನೊಂದರಲ್ಲಿ ಕಡಮೆ ನೀರಿನ ಬೆಳೆ ಇಟ್ಟು, ವರ್ಷವರ್ಷಕ್ಕೂ ಸರದಿ ತಿರುಗಿಸುವುದು ಅದರ ಕ್ರಮ. ನೀರು ಹಲವರಿಗೆ ಹಂಚಿಕೆಯಾಗುವುದರ ಜೊತೆಗೆ ನೆಲಕ್ಕೂ ಸರದಿಯ ಬಿಡುವು ದೊರೆಯುತ್ತಿತ್ತು. ಬರಬರುತ್ತ ಆ ಕಟ್ಟು ಸಡಿಲವಾಯಿತು. ಕೈಗೆ ಬಂದ ನೀರನ್ನು ಕಂಡು ಬತ್ತವನ್ನೂ ಕಬ್ಬನ್ನೂ ಬಿಟ್ಟು ಬೇರೊಂದನ್ನು ಇಡಲು ಯಾರಿಗೆ ಮನಸ್ಸು ಬಂದೀತು?

ಇತ್ತ ಪಟ್ಟಣದ ರಜಾದ ಚರಿತ್ರೆ ಬೇರೊಂದು ದಾರಿಯಲ್ಲಿ ನಡೆದಿತ್ತು. ಭಾನುವಾರದ ಬಿಡುವನ್ನು ರಾಜಶಾಸನವಾಗಿ ಮಾಡಿದವನು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್, 321ರಲ್ಲಿ. ನ್ಯಾಯಾಧಿಕಾರಿಗಳೂ ಪಟ್ಟಣಿಗರೂ ಕಸುಬುದಾರರೂ ಅಂದು ಕೆಲಸ ನಿಲ್ಲಿಸಬೇಕೆಂದು ವಿಧಿಸಿದ ಆ ಶಾಸನ, ರೈತರನ್ನು ಮಾತ್ರ ಅದರಿಂದ ಹೊರತುಪಡಿಸಿತು. ಬಿತ್ತನೆಗೆ ತಕ್ಕ ದಿನ ಒಮ್ಮೆ ತಪ್ಪಿದರೆ ಮರಳಿ ಬಾರದೆಂಬುದು ಅದಕ್ಕೆ ಕಾರಣ. ಹದಿನೇಳು ಶತಮಾನಗಳ ಹಿಂದಿನ ಈ ವಿವೇಕ ಇಂದಿಗೂ ನಿಜವಾಗಿಯೇ ಇದೆ. ನಮ್ಮ ದೇಶದಲ್ಲಿ ಕೂಲಿಗಾರನಿಗೆ ವಾರದ ಬಿಡುವು ಸುಲಭವಾಗಿ ಬರಲಿಲ್ಲ. 1881ರ ಕಾರ್ಖಾನೆ ಕಾನೂನು ದುಡಿಯುವ ಮಕ್ಕಳಿಗೆ ಮಾತ್ರ ತಿಂಗಳಿಗೆ ನಾಲ್ಕು ದಿನದ ಬಿಡುವನ್ನು ಕೊಟ್ಟಿತು. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಬೊಂಬಾಯಿಯ ಗಿರಣಿ ಕೂಲಿಗಾರರು ವರ್ಷಗಟ್ಟಲೆ ಕೇಳಿದ ಮೇಲೆ 1890ರಲ್ಲಿ ಅವರಿಗೆ ಭಾನುವಾರ ದೊರೆಯಿತು. 1891ರ ಕಾನೂನಿನಲ್ಲಿ ಅದು ನೆಲೆಗೊಂಡಿತು. ಆದುದರಿಂದ ಸೋಮವಾರದ ಬೆಳಿಗ್ಗೆ ಗೊಣಗುತ್ತ ಕಛೇರಿಗೆ ಹೊರಡುವ ನಾವು, ಗೊಣಗುವುದಕ್ಕೆ ಅವಕಾಶ ಕೊಟ್ಟ ಭಾನುವಾರವು ಯಾರ ಹೋರಾಟದಿಂದ ಬಂದಿತೆಂಬುದನ್ನು ಒಂದು ಕ್ಷಣ ನೆನೆಯುವುದು ನ್ಯಾಯ.

ಇಲ್ಲಿ ಇನ್ನೊಬ್ಬರನ್ನು ಮರೆಯಬಾರದು. ಮೇಲೆ ಹೇಳಿದ ಬಿಡುವುಗಳಲ್ಲಿ ಯಾವುದೊಂದೂ ಮನೆಯ ಗೃಹಿಣಿಗೆ ಬಿಡುವಾಗಿರಲಿಲ್ಲ. ನೇಗಿಲು ನಿಂತ ದಿನವೇ ಒಲೆಗೆ ಹೆಚ್ಚು ಸೌದೆ. ಆಯುಧಗಳೆಲ್ಲ ಹೂ ಮುಡಿದು ಕುಳಿತ ದಿನವೂ ಲಟ್ಟಣಿಗೆ ಸೌಟುಗಳು ಕುಳಿತುಕೊಳ್ಳಲಿಲ್ಲ. ನಂಟರು ಹೊರಟುಹೋದ ಮೇಲೆ ಉಳಿದ ಪಾತ್ರೆಗಳ ರಾಶಿಯೇ ಅವಳ ಪಾಲಿನ ಮರುದಿನ. ಮರಳಿ ತೊಡಗುವ ಕಷ್ಟ ಅವಳಿಗೆ ಇರಲಿಲ್ಲವೆಂದು ಹೇಳಬಹುದು. ಏಕೆಂದರೆ ಅವಳು ಬಿಟ್ಟದ್ದೇ ಇಲ್ಲ. ಇಂದು ವಾರದಲ್ಲಿ ಆರು ದಿನ ಹೊರಗೆ ದುಡಿದು ಏಳನೆಯ ದಿನ ಮನೆಯಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಬೆಳೆದಿರುವುದರಿಂದ, ಹಬ್ಬದ ಅಡಿಗೆಮನೆಯಲ್ಲಿ ಗಂಡಸರ ಕೈಯೂ ಆಡಬೇಕೆಂಬುದು ಉಪದೇಶವಲ್ಲ, ಲೆಕ್ಕದ ಮಾತು.

ಈಗ ಮಂಡ್ಯದ ಬಯಲಿನಲ್ಲಿ ದುಡಿಮೆಗೆ ಮರಳುವ ದಿನವನ್ನು ಹೇಳುವುದು ಪಂಚಾಂಗ ಒಂದೇ ಅಲ್ಲ. ಅಣೆಕಟ್ಟೆಯ ಅಳತೆಗೋಲೂ ಹೇಳುತ್ತದೆ. ಕೃಷ್ಣರಾಜಸಾಗರದ ಪೂರ್ಣಮಟ್ಟ 124.80 ಅಡಿ. ಇಂದು ಎಷ್ಟು ಅಡಿ ಎಂದು ಜಿಲ್ಲೆಯ ಹಿರಿಯರು ಪತ್ರಿಕೆಯಲ್ಲಿ ಮೊದಲು ನೋಡುವರು. ಮುಂಗಾರು ಕೊಡಗಿನಲ್ಲಿ ಚೆನ್ನಾಗಿ ಹಿಡಿದು, ನಾಲೆಗೆ ನೀರು ಬಿಟ್ಟರೆಂದು ತಿಳಿದೊಡನೆ ಒಟ್ಟಲು ಪಾತಿ ಸಿದ್ಧವಾಗುತ್ತದೆ, ನೀರಗಂಟಿಯ ಸುತ್ತ ಜನ ಸೇರುತ್ತಾರೆ, ಬಯಲು ಎದ್ದು ಕೂರುತ್ತದೆ. ನೀರು ಕಡಮೆಯಾದ ವರ್ಷ ಕಟ್ಟು ಪದ್ಧತಿಯಂತೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವರು. 2016, 2023ರಂಥ ಮಳೆ ತಪ್ಪಿದ ವರ್ಷಗಳಲ್ಲಿ, ಎತ್ತು ಇದ್ದು, ಬೀಜವಿದ್ದು, ತೋಳಿನಲ್ಲಿ ಬಲವಿದ್ದು, ರೈತನು ಒಣಗಿದ ನಾಲೆಯ ಏರಿಯ ಮೇಲೆ ಕುಳಿತದ್ದುಂಟು. ಮಂಡ್ಯದ ಸಕ್ಕರೆ ಕಾರ್ಖಾನೆಯೂ ಕೆಲವು ವರ್ಷ ನಿಂತು, 2022ರಲ್ಲಿ ಮರಳಿ ಕಬ್ಬನ್ನು ಅರೆಯತೊಡಗಿತು. ಯಂತ್ರಗಳ ಸದ್ದು ಕೇಳದ ಆ ವರ್ಷಗಳನ್ನು ರಜಾ ಎಂದು ಮಂಡ್ಯದಲ್ಲಿ ಯಾರೂ ಕರೆಯಲಿಲ್ಲ. 2025ರ ಜೂನ್ ತಿಂಗಳಲ್ಲಿಯೇ ಅಣೆಕಟ್ಟೆ ತುಂಬಿದಾಗ ಜನ ಹಿಗ್ಗಿದುದು ಏಕೆಂಬುದು ಇದರಿಂದ ತಿಳಿಯುತ್ತದೆ. ಆ ಹಿಗ್ಗು ದುಡಿಯುವುದಕ್ಕೆ ಮರಳಬಹುದೆಂಬ ಹಿಗ್ಗು.

ಮರಳುವ ಕೆಲಸವೊಂದು ಇದೆ ಎಂಬುದರ ಬೆಲೆ, ಅದಿಲ್ಲದೆ ಕುಳಿತವರಿಗೆ ಚೆನ್ನಾಗಿ ಗೊತ್ತು. ಪಟ್ಟಣದವರಾದ ನಮಗೆ ರಜಾದ ಕೊನೆಯ ದಿನ ದುಃಖದ ದಿನವಾಗಿ ಕಾಣುವುದು, ನಮ್ಮ ಕೆಲಸ ನಾಳೆಯೂ ನಮಗಾಗಿ ಅಲ್ಲಿಯೇ ಇರುವುದೆಂಬ ಭರವಸೆಯಿಂದ. ಕೊತ್ತತ್ತಿಯ ಬಯಲಿನ ರೈತನಿಗೆ ಆ ಭರವಸೆಯನ್ನು ಕಾವೇರಿ ವರ್ಷವರ್ಷವೂ ಹೊಸದಾಗಿ ಕೊಡಬೇಕು. ಅವನ ಹೊನ್ನಾರಿನಿಂದ ನಾವು ಕಲಿಯಬಹುದಾದುದು ಇಷ್ಟು: ಮೊದಲ ದಿನವೇ ಹೊಲವನ್ನೆಲ್ಲ ಉಳಲು ಹೋಗಬಾರದು, ನಾಲ್ಕು ಸಾಲು ಸಾಕು. ಕಛೇರಿಯವನು ಬಾಕಿ ಉಳಿದ ಕಡತಗಳಲ್ಲಿ ಒಂದನ್ನು ಮುಗಿಸಲಿ, ವಿದ್ಯಾರ್ಥಿಯು ಒಂದು ಪುಟವನ್ನು ಓದಲಿ. ಉಪಾಧ್ಯಾಯರೂ ಮೇಲಧಿಕಾರಿಗಳೂ ಆ ದಿನ ಅಷ್ಟನ್ನೇ ಕೇಳಲಿ. ಆದಷ್ಟು ಮಟ್ಟಿಗೆ ನಾಲ್ಕು ಜನರ ಜೊತೆಯಲ್ಲಿ ಕೂಡಿ ತೊಡಗುವುದು ಒಳ್ಳೆಯದು; ಒಂದೇ ಸಾಲಿನಲ್ಲಿ ನಡೆಯುವ ಎತ್ತುಗಳು ಬೇಗ ದಾರಿ ಹಿಡಿಯುತ್ತವೆ. ಎರಡನೆಯ ದಿನದ ಉಳುಮೆ ತಾನಾಗಿಯೇ ಸಾಗುವುದು.